ಗಗನಯಾನವೂ ದಿಗ್ವ್ರತವೂ

ಶ್ರಾವಕನು ಪಾಲಿಸಬೇಕಾದ ಹನ್ನೆರಡು ವ್ರತಗಳಲ್ಲಿ ಗುಣವ್ರತಗಳು ಮೂರು. ಅವುಗಳಲ್ಲಿ ಮೊದಲನೆಯದು ದಿಗ್ವ್ರತ. ಹತ್ತು ದಿಕ್ಕುಗಳಲ್ಲಿಯೂ ಇಂತಿಷ್ಟು ದೂರದ ಆಚೆಗೆ ಹೋಗೆನೆಂದು ತನಗೆ ತಾನೇ ಎಲ್ಲೆ ಕಟ್ಟಿಕೊಳ್ಳುವುದು ಇದರ ಸ್ವರೂಪ. ತತ್ತ್ವಾರ್ಥಸೂತ್ರದಲ್ಲಿ ಉಮಾಸ್ವಾಮಿಗಳು ಈ ವ್ರತದ ಅತಿಚಾರಗಳನ್ನು ಎಣಿಸುವಾಗ ಮೇಲಿನ ಎಲ್ಲೆಯನ್ನು ಮೀರುವುದನ್ನೇ ಮೊದಲು ಹೇಳಿದ್ದಾರೆ. ಪೂಜ್ಯಪಾದರು ಅದಕ್ಕೆ ಬೆಟ್ಟವನ್ನೇರುವುದನ್ನು ದೃಷ್ಟಾಂತವಾಗಿ ಕೊಟ್ಟಿದ್ದಾರೆ. ನಮ್ಮ ನಂದಿಬೆಟ್ಟದ ಎತ್ತರ 1,478 ಮೀಟರು. ವಿಮಾನವು ಹಾರುವುದು ಸುಮಾರು 10,000 ಮೀಟರಿನಲ್ಲಿ. ಹಾಗಾದರೆ ವಿಮಾನವನ್ನೇರುವ ವ್ರತಿಕನ ಗತಿಯೇನು?

ಈ ಪ್ರಶ್ನೆ ಕೇವಲ ಪಂಡಿತರದಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆದ ಮೇಲೆ ಚಿಕ್ಕಬಳ್ಳಾಪುರದವರಿಗೆ ಅದು ಬೆಂಗಳೂರು ಪೇಟೆಗಿಂತಲೂ ಹತ್ತಿರವಾಯಿತು. ಗೌರಿಬಿದನೂರಿನವರು ದೊಡ್ಡಬಳ್ಳಾಪುರದ ದಾರಿಯಿಂದಲೂ, ಚಿಂತಾಮಣಿ ಶಿಡ್ಲಘಟ್ಟಗಳವರು ವಿಜಯಪುರದ ದಾರಿಯಿಂದಲೂ ಅಲ್ಲಿಗೆ ಬರುತ್ತಾರೆ. ಪರದೇಶದಲ್ಲಿರುವ ಮಗಳ ಬಾಣಂತನಕ್ಕೆಂದು ಹೊರಟ ವೃದ್ಧ ತಾಯಿಗೆ ರಾತ್ರಿಭೋಜನ ತ್ಯಾಗವೂ ಇರುತ್ತದೆ, ಕಂದಮೂಲಗಳ ತ್ಯಾಗವೂ ಇರುತ್ತದೆ. ಮಮತೆಗೂ ವ್ರತಕ್ಕೂ ನಡುವೆ ಆಕೆ ಒಂದನ್ನು ಬಿಡಬೇಕೇ?

ಬಿಡಬೇಕಾಗಿಲ್ಲ. ದೂರ ಹೋಗುವುದು ದೋಷವಲ್ಲ; ಕಟ್ಟಿಕೊಂಡ ಎಲ್ಲೆಯನ್ನು ಅನುಕೂಲ ಬಂದಾಗ ಹಿಗ್ಗಿಸುವುದು ದೋಷ. ಕ್ಷೇತ್ರವೃದ್ಧಿಯೆಂಬ ಅತಿಚಾರದ ತಿರುಳು ಇದೇ. ಆದುದರಿಂದ ನಿರ್ಧಾರವೆಲ್ಲವೂ ಮನೆಯ ಹೊಸ್ತಿಲ ಒಳಗೇ ಆಗಬೇಕು.

ಮೊದಲು ಹೊರೆಯ ಮಾತು. ದೇಶದೊಳಗಿನ ಯಾನದಲ್ಲಿ ಸಾಮಾನ್ಯವಾಗಿ ಕೈಚೀಲಕ್ಕೆ 7 ಕಿಲೋ, ಒಪ್ಪಿಸುವ ಪೆಟ್ಟಿಗೆಗೆ 15 ಕಿಲೋ ಮಿತಿ. ಬಟ್ಟೆಯನ್ನು ಸುರುಳಿ ಸುತ್ತಿದರೆ ಹೆಚ್ಚು ಹಿಡಿಯುತ್ತದೆಂದು ಜಾಣರು ಹೇಳುತ್ತಾರೆ. ಅದರಿಂದ ಪೆಟ್ಟಿಗೆ ಚಿಕ್ಕದಾಗಬಹುದು, ಪರಿಗ್ರಹ ಚಿಕ್ಕದಾಗದು. ಹಣ ತೆತ್ತರೆ ವಿಮಾನದವರ ಮಿತಿ ಸಡಿಲುತ್ತದೆ. ತಾನೇ ಮಾಡಿಕೊಂಡ ಮಿತಿಗೆ ಅಂಥ ಬಾಗಿಲಿಲ್ಲ. ವಾರಕ್ಕೆ ಮುಂಚೆಯೇ ಪಟ್ಟಿ ಬರೆದು, ದಿನಕ್ಕೊಂದು ವಸ್ತುವನ್ನು ಅದರಿಂದ ಹೊಡೆದುಹಾಕಿ, ಉಳಿದುದನ್ನು ಮನೆಯಲ್ಲಿಯೇ ತೂಗಿ ನೋಡುವುದು ಲೇಸು. ಪರಿಮಿತ ಕಾಲದ ತ್ಯಾಗವನ್ನು ನಿಯಮವೆಂದೂ ಯಾವಜ್ಜೀವದ ತ್ಯಾಗವನ್ನು ಯಮವೆಂದೂ ಸಮಂತಭದ್ರಾಚಾರ್ಯರು ವಿಂಗಡಿಸಿದ್ದಾರೆ. ಒಂದು ಪ್ರಯಾಣದ ಮಟ್ಟಿಗೆ ನಾಲ್ಕು ಸೀರೆ ಸಾಕೆನ್ನುವುದೂ ನಿಯಮವೇ. ಹಗುರಾದ ಹೊರೆಗೆ ಉರಿಯುವ ಇಂಧನವೂ ಕಡಿಮೆ, ಹಿಂಸೆಯೂ ಕಡಿಮೆ.

ಎರಡನೆಯದು ಆಹಾರ. ಕಂದಮೂಲವಿಲ್ಲದ ಜೈನ ಊಟಕ್ಕೆ ವಿಮಾನ ಸಂಸ್ಥೆಗಳಲ್ಲಿ 'ವಿ.ಜೆ.ಎಂ.ಎಲ್.' ಎಂಬ ಸಂಕೇತವಿದೆ. ಅದನ್ನು ಒಂದು ದಿನ ಮುಂಚಿತವಾಗಿಯಾದರೂ ತಿಳಿಸಬೇಕು. ತಪ್ಪಿಹೋದರೆಂದು ಅವಲಕ್ಕಿ, ಹುರಿಗಡಲೆ ಕೈಚೀಲದಲ್ಲಿರಲಿ. ಪರದೇಶದ ಯಾನದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಪಾತ್ರೆಯ ದ್ರವವನ್ನು ತಪಾಸಣೆಯಲ್ಲಿ ತಡೆಯುತ್ತಾರೆ. ಬರಿಯ ಪಾತ್ರೆಯನ್ನೂ ಶುದ್ಧವಾದ ಬಟ್ಟೆಯನ್ನೂ ಒಯ್ದು, ಒಳಗೆ ನೀರು ಹಿಡಿದು ಗಾಳಿಸಿಕೊಳ್ಳಬಹುದು.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು: ಯಾವ ಸೂರ್ಯನನ್ನು ನಂಬುವುದು? ಪಶ್ಚಿಮಕ್ಕೆ ಲಂಡನ್ನಿನತ್ತ ಹಾರುವವನಿಗೆ ಹಗಲು ಹಲವು ಗಂಟೆ ಹಿಗ್ಗುತ್ತದೆ. ಪೂರ್ವಕ್ಕೆ ಸಿಂಗಪುರದತ್ತ ಹೋಗುವವನಿಗೆ ಕುಗ್ಗುತ್ತದೆ. ಅಷ್ಟೇ ಅಲ್ಲ, ಕೆಳಗಿನ ನೆಲದಲ್ಲಿ ಸೂರ್ಯನು ಅಸ್ತಮಿಸಿದ ಮೇಲೂ ಆ ಎತ್ತರದಲ್ಲಿ ಅವನು ಸುಮಾರು ಹನ್ನೆರಡು ಹದಿಮೂರು ನಿಮಿಷ ಕಾಣುತ್ತಲೇ ಇರುತ್ತಾನೆ. ಹಿಗ್ಗಿದ ಹಗಲಿನಲ್ಲಿ ಮೂರು ಹೊತ್ತಿನ ಬದಲು ಐದು ಹೊತ್ತು ಉಂಡವನ ವ್ರತ ಮಾತಿನಲ್ಲಿ ಉಳಿಯುತ್ತದೆ, ಮನಸ್ಸಿನಲ್ಲಿ ಉಳಿಯುವುದಿಲ್ಲ. ರಾತ್ರಿಭೋಜನ ತ್ಯಾಗವು ಜೀವದಯೆಗಾಗಿಯೂ ಜಿಹ್ವಾನಿಗ್ರಹಕ್ಕಾಗಿಯೂ ಇದೆಯಲ್ಲದೆ ಸೂರ್ಯನೊಡನೆ ವ್ಯವಹಾರಕ್ಕಾಗಿ ಅಲ್ಲ. ಹೊರಡುವ ಮೊದಲೇ ಊಟಗಳ ಎಣಿಕೆಯನ್ನು ಗೊತ್ತುಮಾಡಿಕೊಂಡು, ಊರಿನ ಅಸ್ತಮಾನ, ಕಿಟಕಿಯ ಅಸ್ತಮಾನ ಇವೆರಡರಲ್ಲಿ ಮುಂಚೆ ಬಂದುದನ್ನೇ ಎಲ್ಲೆಯೆಂದು ಹಿಡಿಯುವುದು ಪ್ರಾಮಾಣಿಕವಾದ ಮಾರ್ಗ.

ಆದರೆ ವ್ರತವು ಶಕ್ತಿಯನ್ನು ಮೀರಬಾರದು. ವಿಮಾನದೊಳಗಿನ ಗಾಳಿಯಲ್ಲಿ ತೇವಾಂಶವು ಬಹುಮಟ್ಟಿಗೆ ಶೇಕಡಾ 20ಕ್ಕಿಂತಲೂ ಕಡಿಮೆ. ಗಂಟಲು, ಚರ್ಮಗಳು ಬೇಗನೆ ಒಣಗುತ್ತವೆ. ನೀರನ್ನೂ ಬಿಟ್ಟ ಉಪವಾಸಕ್ಕೆ ಆ ದಿನ ತಕ್ಕದ್ದಲ್ಲ. ಅದನ್ನು ಊರು ಸೇರಿ ದಣಿವಾರಿದ ಮೇಲೆ ಇಟ್ಟುಕೊಳ್ಳಲಿ. ಸಕ್ಕರೆ ಕಾಯಿಲೆಯವರು ಔಷಧ, ಆಹಾರಗಳ ವೇಳೆಯನ್ನು ವೈದ್ಯರಿಂದ ತಿಳಿದು, ಅದನ್ನು ಒಳಗೊಂಡಂತೆಯೇ ನಿಯಮವನ್ನು ಸ್ವೀಕರಿಸಬೇಕು. ಮೊದಲೇ ಹೇಳಿ ಇಟ್ಟುಕೊಂಡ ವಿನಾಯಿತಿ ವ್ರತದ ಒಳಗಿನದು; ಸಂಕಟ ಬಂದಾಗ ಕಂಡುಕೊಂಡದ್ದು ಹೊರಗಿನದು.

ಮೇಲಿನ ದಿಕ್ಕಿಗೂ ಎಲ್ಲೆ ಬೇಕೆಂದು ಆಚಾರ್ಯರು ವಿಧಿಸಿದುದು ಮನುಷ್ಯನು ಏರಬಾರದೆಂದಲ್ಲ, ಏರಿದಷ್ಟೂ ಆಸೆಯು ಅವನೊಡನೆ ಏರಬಾರದೆಂದು. ಇದನ್ನು ಅರಿತು ಹೊರಟ ತಾಯಿಯು ಎಷ್ಟು ದೂರ ಹಾರಿದರೂ ತನ್ನ ಎಲ್ಲೆಯ ಒಳಗೇ ಇರುತ್ತಾಳೆ.