ಮಧುತ್ಯಾಗವೂ ಮಧುಮಕ್ಷಿಕಾ ದಯೆಯೂ

ಮದ್ಯ, ಮಾಂಸ, ಮಧುಗಳ ತ್ಯಾಗವು ಶ್ರಾವಕಧರ್ಮದ ಮೊದಲ ಮೆಟ್ಟಿಲು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಮೂರರ ತ್ಯಾಗವನ್ನು ಪಂಚಾಣುವ್ರತಗಳೊಡನೆ ಸೇರಿಸಿ ಅಷ್ಟಮೂಲಗುಣಗಳೆಂದರು. ಅಮೃತಚಂದ್ರಾಚಾರ್ಯರು ಅಣುವ್ರತಗಳ ಸ್ಥಾನದಲ್ಲಿ ಪಂಚೋದುಂಬರ ಫಲಗಳ ತ್ಯಾಗವನ್ನು ಹೇಳಿದರೂ ಮಧುತ್ಯಾಗವನ್ನು ಸಡಿಲಿಸಲಿಲ್ಲ. ಆದುದರಿಂದ ಜೇನುತುಪ್ಪದ ಪ್ರಶ್ನೆ ನಮ್ಮ ಮನೆಗಳಲ್ಲಿ ಎಂದೋ ತೀರ್ಮಾನವಾದುದು. ಆದರೆ ತುಪ್ಪವನ್ನು ಬಿಟ್ಟ ಮಾತ್ರಕ್ಕೆ ಜೇನುನೊಣದ ವಿಷಯದಲ್ಲಿ ನಮ್ಮ ಕರ್ತವ್ಯವು ಮುಗಿಯಿತೆ?

ಈ ಪ್ರಶ್ನೆಯು ಇಂದು ನಗರವಾಸಿಗಳ ಬಾಗಿಲಿಗೇ ಬಂದಿದೆ. ಮನೆಯ ತಾರಸಿಯಲ್ಲಿ ಜೇನು ಸಾಕುವುದು, ಸಮೀಪದಲ್ಲಿ ಬೆಳೆದುದನ್ನೇ ಉಣ್ಣುವುದು, ಇವೆರಡರಿಂದ ನೆರೆಹೊರೆಯು ಬಹುಕಾಲ ಬಾಳುವಂತಾಗುವುದೆಂದು ಅನೇಕರು ಹೇಳುತ್ತಾರೆ. ನ್ಯೂಯಾರ್ಕ್ ನಗರವು 2010ರಲ್ಲಿ ಜೇನುಸಾಕಣೆಯ ಮೇಲಿದ್ದ ನಿಷೇಧವನ್ನು ತೆಗೆದುಹಾಕಿತು. ನಮ್ಮ ಬೆಂಗಳೂರಿನಲ್ಲಿಯೂ ತುಡುವೆ ಜೇನಿನ ಪೆಟ್ಟಿಗೆಗಳನ್ನಿಟ್ಟ ಮನೆಗಳಿವೆ. "ಈ ಪೆಟ್ಟಿಗೆಯಲ್ಲಿ ಹುಟ್ಟನ್ನು ಹಿಂಡುವುದಿಲ್ಲ, ಮರಿಗಳನ್ನು ಕೊಲ್ಲುವುದಿಲ್ಲ, ಜೈನರಿಗೆ ಇನ್ನೇನು ಆಕ್ಷೇಪ?" ಎಂದು ಕೇಳುವವರಿದ್ದಾರೆ.

ಪ್ರಶ್ನೆಯು ಉಪೇಕ್ಷಣೀಯವಲ್ಲ. ಲ್ಯಾಂಗ್‌ಸ್ಟ್ರಾತ್ ಎಂಬ ಅಮೆರಿಕದ ಪಾದ್ರಿಯು 1852ರಲ್ಲಿ ಹಕ್ಕುಪತ್ರ ಪಡೆದ, ತೆಗೆದಿಡಬಲ್ಲ ಚೌಕಟ್ಟುಗಳ ಪೆಟ್ಟಿಗೆಯಿಂದ ಹಿಂಸೆ ಬಹಳ ಕಡಿಮೆಯಾದುದು ನಿಜ. ಆದರೆ ಕಡಿಮೆಯಾದುದು ಇಲ್ಲವಾದುದಲ್ಲ. ಹೊಗೆ ಹಾಕಿ ನೊಣಗಳನ್ನು ಸರಿಸಬೇಕು. ಚೌಕಟ್ಟನ್ನು ಮರಳಿ ಇಡುವಾಗ ಕೆಲವು ನಲುಗಿ ಸಾಯುತ್ತವೆ. ಹೂವಿಲ್ಲದ ಕಾಲಕ್ಕೆಂದು ಅವು ಕೂಡಿಟ್ಟ ಆಹಾರವನ್ನು ತೆಗೆದುಕೊಂಡು ಸಕ್ಕರೆಯ ನೀರನ್ನು ಕೊಡುವುದೂ ಉಂಟು. ಕೊಡದುದನ್ನು ಕೊಳ್ಳುವುದು ಅದತ್ತಾದಾನವಲ್ಲವೆ? ಹುಟ್ಟಿನಿಂದ ತಾನಾಗಿ ಸುರಿದ ಮಧುವನ್ನು ತೆಗೆದುಕೊಂಡರೂ ಅದನ್ನು ಆಶ್ರಯಿಸಿದ ಜೀವಿಗಳ ಘಾತದಿಂದ ಹಿಂಸೆಯೇ ಆಗುವುದೆಂದು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಸ್ಪಷ್ಟಪಡಿಸಿದ್ದಾರೆ. ಪೆಟ್ಟಿಗೆಯು ಬದಲಾದರೂ ಈ ನಿರ್ಣಯವು ಬದಲಾಗದು.

ಇನ್ನು, ಪೆಟ್ಟಿಗೆಗಳು ಹೆಚ್ಚಿದಷ್ಟೂ ಪ್ರಕೃತಿಗೆ ಹಿತವೆಂಬುದೂ ವಿಚಾರಣೀಯ. ಸ್ವಿಟ್ಜರ್‌ಲೆಂಡಿನ 14 ನಗರಗಳಲ್ಲಿ 2012ರಲ್ಲಿ 3,139 ಇದ್ದ ಜೇನುಪೆಟ್ಟಿಗೆಗಳು 2018ರ ವೇಳೆಗೆ 9,370 ಆದವು. ಅಷ್ಟಕ್ಕೆ ಸಾಲುವಷ್ಟು ಹೂವಿನ ಸಂಪತ್ತು ಆ ನಗರಗಳಲ್ಲಿ ಇಲ್ಲವೆಂದು ಶೋಧಕರು 2022ರಲ್ಲಿ ತೋರಿಸಿದರು. ಸಾಕಿದ ನೊಣಗಳ ಸಂಖ್ಯೆ ಮಿತಿಮೀರಿದಲ್ಲಿ ಕಾಡು ನೊಣಗಳ ಪಾಲು ಕುಗ್ಗುತ್ತದೆ. ಇವುಗಳ ಉಪಕಾರವೇನು ಅಲ್ಪವೆ? ಕುಂಬಳದ ಗಂಡು ಹೂವಿನ ಪರಾಗವನ್ನು ಹೆಣ್ಣು ಹೂವಿಗೆ ಮುಟ್ಟಿಸಲು ನೊಣವೇ ಬರಬೇಕು. ಆ ಹೂವು ಬೆಳಗಿನಲ್ಲಿ ಅರಳಿ ಮಧ್ಯಾಹ್ನದೊಳಗೆ ಮುದುಡುವುದು. ಟೊಮೇಟೊ ಹೂವನ್ನು ಅಪ್ಪಿಕೊಂಡು, ಝೇಂಕಾರದಿಂದ ನಡುಗಿಸಿ ಪರಾಗವನ್ನು ಉದುರಿಸುವ ವಿದ್ಯೆಯು ನೀಲಿ ಪಟ್ಟೆಗಳ ಒಂಟಿ ನೊಣಕ್ಕೆ ಗೊತ್ತು. ಪೆಟ್ಟಿಗೆಯ ಜೇನಿಗೆ ತಿಳಿಯದು. ಆದುದರಿಂದ ದಯೆಯು ಸಾಕಣೆಯಲ್ಲಿಲ್ಲ. ಹೂವನ್ನೂ ನೆಲೆಯನ್ನೂ ಕೊಟ್ಟು ಏನನ್ನೂ ಕೊಳ್ಳದಿರುವುದರಲ್ಲಿದೆ.

ಶ್ರಾವಕನ ನಿಜವಾದ ಪರೀಕ್ಷೆ ಬೇರೆಡೆ ಇದೆ. ಅಪಾರ್ಟ್‌ಮೆಂಟಿನ ಸಜ್ಜೆಯ ಕೆಳಗೆ ಹೆಜ್ಜೇನು ಕಟ್ಟಿತೆಂದರೆ ನಿವಾಸಿಗಳ ಸಭೆ ಸೇರುತ್ತದೆ. ವಿಷ ಸಿಂಪಡಿಸಲು ನಿರ್ಣಯವಾಗುತ್ತದೆ. ಆ ರಾತ್ರಿ ಸಾಯುವುವು ಸಾವಿರಾರು ತ್ರಸಜೀವಿಗಳು. ಸಭೆಯಲ್ಲಿ ಕೈಯೆತ್ತಿದ ಶ್ರಾವಕನು "ನಾನು ಸಿಂಪಡಿಸಲಿಲ್ಲ" ಎಂದರೆ ಸಾಕೆ? ಕೃತ, ಕಾರಿತ, ಅನುಮೋದನಗಳೆಂಬ ಮೂರು ದಾರಿಗಳಿಂದಲೂ ಪಾಪವು ಬರುವುದೆಂದು ನಾವು ಪಾಠಶಾಲೆಯಲ್ಲಿಯೇ ಕಲಿತಿಲ್ಲವೆ? ಎತ್ತಿದ ಕೈ ಅನುಮೋದನ. ವಂತಿಗೆಯ ಹಣ ಕಾರಿತ. ತುಪ್ಪದ ಒಂದು ಹನಿಯನ್ನು ನಾಲಿಗೆಗೆ ಸೋಕಿಸದವನು ಇಡೀ ಗೂಡಿನ ವಧೆಗೆ ಒಪ್ಪಿದರೆ ಅವನ ಮಧುತ್ಯಾಗಕ್ಕೆ ಅರ್ಥವೇನು? ಹೆಜ್ಜೇನು ವಲಸೆ ಹೋಗುವ ಜೀವಿ. ಋತು ತಿರುಗಿದಾಗ ತಾನೇ ಎದ್ದು ಹೋಗುತ್ತದೆ. ಅಲ್ಲಿಯವರೆಗೆ ಆ ಕಡೆಯ ಕಿಟಕಿಯನ್ನು ಮುಚ್ಚಿ, ರಾತ್ರಿ ದೀಪವನ್ನು ಆರಿಸಿ ಕಾಯಬಹುದು. ಮಕ್ಕಳಿಗೆ, ವೃದ್ಧರಿಗೆ ಅಪಾಯವಿರುವಲ್ಲಿ ಕೊಲ್ಲದೆ ಎಬ್ಬಿಸಬಲ್ಲ ಅನುಭವಿಗಳನ್ನು ಕರೆಸಬಹುದು. ಇದನ್ನು ಸಭೆಯಲ್ಲಿ ಎದ್ದು ನಿಂತು ಹೇಳುವುದು ಉಪವಾಸಕ್ಕಿಂತ ಕಷ್ಟ. ಆದರೆ ಅಹಿಂಸಾಣುವ್ರತವು ಬೇಡುವುದು ಅದನ್ನೇ.

ಸಮೀಪದ ಆಹಾರದ ಮಾತು ನಮಗೆ ಹೊಸದಲ್ಲ. ದಿಗ್ವ್ರತದಿಂದ ದಿಕ್ಕುಗಳಿಗೆ ಯಾವಜ್ಜೀವ ಮಿತಿ; ದೇಶಾವಕಾಶಿಕದಿಂದ ಅದರೊಳಗೆ ಮನೆ, ಬೀದಿ, ಊರುಗಳವರೆಗೆ ಕಾಲನಿಯತವಾದ ಕಿರಿಯ ಮಿತಿ. ಮಿತಿಯ ಆಚೆ ನಮ್ಮ ನಿಮಿತ್ತ ಆರಂಭವು ನಡೆಯದೆಂಬುದೇ ಇವುಗಳ ಫಲ. ಮಾಗಡಿಯ ಅವರೆಕಾಯಿಯನ್ನು ಅದರ ಕಾಲದಲ್ಲಿ ಉಂಡು, ದೂರದ ದೇಶದ ಹಣ್ಣಿನ ಆಸೆಯನ್ನು ಬಿಡುವ ಬೆಂಗಳೂರಿನ ಗೃಹಸ್ಥನು ಈ ಭಾವಕ್ಕೆ ಹತ್ತಿರವಾಗುತ್ತಾನೆ. ಆದರೆ ಸಾಮೀಪ್ಯವೇ ಶುದ್ಧಿಯಲ್ಲ. ಹಿತ್ತಿಲಲ್ಲಿ ಬೆಳೆದರೂ ಕಂದಮೂಲವು ಕಂದಮೂಲವೇ; ತಾರಸಿಯ ಗಿಡಕ್ಕೆ ವಿಷ ಹೊಡೆದರೆ ಆ ತರಕಾರಿಯು ನಿರ್ದೋಷವಾಗದು. ವ್ರತವಿರುವುದು ಆಸೆಯ ಅಳತೆಯಲ್ಲಿ, ದಾರಿಯ ಅಳತೆಯಲ್ಲಿ ಮಾತ್ರವಲ್ಲ.

ಬರುವ ಚಾತುರ್ಮಾಸದಲ್ಲಿ ಪ್ರತಿಯೊಂದು ಮನೆಯೂ ಯಥಾಶಕ್ತಿ ಮೂರು ನಿಯಮಗಳನ್ನು ಕೈಕೊಳ್ಳಬಹುದು: ಹೂಬಿಡುವ ಗಿಡಗಳಿಗೆ ವಿಷವನ್ನು ಹಾಕೆವು, ಗೂಡಿನ ನಾಶಕ್ಕೆ ಕೈಯನ್ನಾಗಲಿ ಹಣವನ್ನಾಗಲಿ ಕೊಡೆವು, ನಾಲ್ಕು ತಿಂಗಳು ನಮ್ಮ ಜಿಲ್ಲೆಯಲ್ಲಿ ಬೆಳೆದ ತರಕಾರಿ, ಹಣ್ಣುಗಳನ್ನಷ್ಟೇ ಉಣ್ಣುವೆವು. ತಾರಸಿಯ ಮೇಲೆ ಪೆಟ್ಟಿಗೆಯಿಲ್ಲದಿದ್ದರೂ ಕುಂಬಳದ ಬಳ್ಳಿಯೊಂದಿರಲಿ. ಬಂದ ನೊಣವು ತನ್ನ ಪಾಲನ್ನು ತೆಗೆದುಕೊಂಡು ಕ್ಷೇಮವಾಗಿ ಹಿಂತಿರುಗಲಿ.