ಮುನಿಯ ಹಲ್ಲು, ಶ್ರಾವಕನ ಹಲ್ಲು

ಚಿಕ್ಕೋಡಿ ಸೀಮೆಯ ಸದಲಗಾದಲ್ಲಿ 1946ರಲ್ಲಿ ಹುಟ್ಟಿದ ವಿದ್ಯಾಧರ ಎಂಬ ಹುಡುಗ 1968ರಲ್ಲಿ ಅಜ್ಮೀರದಲ್ಲಿ ದಿಗಂಬರ ದೀಕ್ಷೆ ಪಡೆದು ವಿದ್ಯಾಸಾಗರ ಮುನಿಯಾದ. ದೀಕ್ಷೆಯ ಜೊತೆಗೆ ಬಂದ 28 ಮೂಲಗುಣಗಳಲ್ಲಿ ಒಂದರ ಹೆಸರು ಅದಂತಧಾವನ, ಅಂದರೆ ಹಲ್ಲುಜ್ಜದಿರುವುದು. ಸ್ನಾನವೂ ಇಲ್ಲ. ದಿನಕ್ಕೆ ಒಂದೇ ಊಟ, ಅದೂ ನಿಂತುಕೊಂಡು, ಅಂಗೈಯಲ್ಲಿ. ಆಚಾರ್ಯರಾಗಿ ಬಾಳಿದ ಅವರು 2024ರ ಫೆಬ್ರುವರಿ 18ರಂದು ಛತ್ತೀಸಗಡದ ಡೊಂಗರಗಡದಲ್ಲಿ ಸಲ್ಲೇಖನದಿಂದ, ಅಂದರೆ ಆಹಾರ ತೊರೆದು, ದೇಹ ಬಿಟ್ಟರು. ಚಿಕ್ಕೋಡಿ ಸೀಮೆಯದೇ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು 1955ರಲ್ಲಿ ಕುಂಥಲಗಿರಿಯಲ್ಲಿ ಹೋದದ್ದೂ ಹಾಗೆಯೇ.

ಆ ಮುನಿಗಳ ಪಾದಕ್ಕೆ ಎರಗುವ ಗೃಹಸ್ಥ ಶ್ರಾವಕ ಮಾತ್ರ ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದು ಕೂತು, ‘ಈ ಸ್ಕ್ರೂ ಹಲ್ಲು ಎಷ್ಟ್ ವರ್ಷ ಬಾಳತಾವ್ರಿ?’ ಎಂದು ಕೇಳುತ್ತಾನೆ.

ಲೆಕ್ಕದ ಉತ್ತರ ಚೆನ್ನಾಗಿಯೇ ಇದೆ. ಟೈಟಾನಿಯಂ ಎಲುಬಿನೊಂದಿಗೆ ಬೆಸೆದುಕೊಳ್ಳುತ್ತದೆಂದು ಕಂಡುಕೊಂಡವರು ಸ್ವೀಡನ್ನಿನ ಬ್ರೋನೆಮಾರ್ಕ್. ಅವರು 1965ರಲ್ಲಿ ಗೋಸ್ಟಾ ಲಾರ್ಸನ್ ಎಂಬವರ ದವಡೆಗೆ ಕೂಡಿಸಿದ ಸ್ಕ್ರೂಗಳು 2006ರಲ್ಲಿ ಲಾರ್ಸನ್ ತೀರಿಕೊಳ್ಳುವವರೆಗೂ ಕೆಲಸ ಮಾಡಿದವು. ಇಂದು ಹತ್ತು ವರ್ಷ ದಾಟುವ ಇಂಪ್ಲಾಂಟುಗಳು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು. ತಕರಾರು ಇರುವುದು ಸ್ಕ್ರೂವಿನ ಮೇಲೆ ಕೂಡಿಸುವ ಸೆರಾಮಿಕ್ ಕಿರೀಟದ್ದು. ಅದಕ್ಕೆ ಬಳಸುವ ಜಿರ್ಕೋನಿಯಾ ಗಟ್ಟಿ, ಆದರೆ ಅದರ ಮೇಲೆ ಅಂದಕ್ಕೆಂದು ಹಚ್ಚುವ ಪೋರ್ಸಲಿನ್ ಪದರು ಚಕ್ಕೆ ಏಳುತ್ತದೆ. ಕಾರಣ ಸ್ವಾರಸ್ಯದ್ದು. ಸ್ವಂತ ಹಲ್ಲಿನ ಬೇರಿನ ಸುತ್ತ ನಾರಿನ ತೆಳು ಹಾಸಿಗೆಯಿರುತ್ತದೆ. ಭಕ್ಕರಿಯಲ್ಲಿ ಒಂದು ಹರಳು ಸಿಕ್ಕರೂ ಅದು ಕ್ಷಣದಲ್ಲಿ ಸುದ್ದಿ ಮುಟ್ಟಿಸುತ್ತದೆ, ದವಡೆ ತಡೆಯುತ್ತದೆ. ಎಲುಬಿಗೇ ಅಂಟಿದ ಸ್ಕ್ರೂವಿಗೆ ಆ ಹಾಸಿಗೆಯಿಲ್ಲ, ಆ ಸೂಕ್ಷ್ಮವೂ ಇಲ್ಲ. ಅದು ನೋವರಿಯದೆ ಕಬ್ಬಿನ ಗಣಿಕೆಯನ್ನೂ ಅದೇ ಬಿರುಸಿನಲ್ಲಿ ಕಚ್ಚುತ್ತದೆ.

ನಿಪ್ಪಾಣಿಯಂಥ ತಂಬಾಕಿನ ಪೇಟೆಯಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಬೀಡಿ ಸೇದುವವರಲ್ಲಿ ಇಂಪ್ಲಾಂಟ್ ಸೋಲುವ ಸಂಭವ ಹೆಚ್ಚು. ಕಿರೀಟ ಹೊಳೆಯುತ್ತಲೇ ಇರುತ್ತದೆ, ಕೆಳಗಿನ ಎಲುಬು ಸದ್ದಿಲ್ಲದೆ ಸವೆಯುತ್ತದೆ.

ಬಾಳಿಕೆಯ ಪ್ರಶ್ನೆ ಧರ್ಮದ ಪ್ರಶ್ನೆಯಾಗುವುದು ಇಲ್ಲಿಂದ ಮುಂದೆ. ಟೈಟಾನಿಯಂ ಕರಗಲು 1668 ಡಿಗ್ರಿ ಸೆಲ್ಸಿಯಸ್ ಬೇಕು, ಚಿತೆಯ ಬೆಂಕಿ ಅಷ್ಟು ಏರುವುದಿಲ್ಲ. ದೇಹ ಬೂದಿಯಾದ ಮೇಲೂ ಸ್ಕ್ರೂ ಉಳಿಯುತ್ತದೆ. ಸುಡದೆ ಹೂಳಿದರೂ ಅಷ್ಟೇ: ಅಥಣಿಯಲ್ಲಿ ಲಿಂಗಾಯತರು ಮೃತರನ್ನು ಹೂಳುವಾಗ ಅಂಗೈಯಲ್ಲಿ ಇಷ್ಟಲಿಂಗ ಇಡುತ್ತಾರೆ. ದವಡೆಯ ಜಿರ್ಕೋನಿಯಾ ಕೂಡ ಅದರೊಂದಿಗೆ ಮಣ್ಣಿಗೆ ಹೋಗುತ್ತದೆ. ದೇಹ ನನ್ನದಲ್ಲ ಎಂದು ದಿನವೂ ಪಾಠ ಕೇಳುವವನು ದೇಹಕ್ಕಿಂತ ಹೆಚ್ಚು ಬಾಳುವ ಹಲ್ಲನ್ನು ದುಡ್ಡು ಕೊಟ್ಟು ಕಟ್ಟಿಸಿಕೊಂಡರೆ ಅದು ಮೋಹವೇ?

ಕಾಗವಾಡ, ರಾಯಬಾಗದ ಬಸದಿಗಳ ಕಟ್ಟೆಯ ಮೇಲೆ ಈ ಮಾತೆತ್ತಿದರೆ ಹೌದೆನ್ನುವ ಹಿರಿಯರು ಸಿಗಬಹುದು. ಆದರೆ ಶಾಸ್ತ್ರ ಅಷ್ಟು ಬಿಗಿಯಾಗಿಲ್ಲ. ಗೃಹಸ್ಥನಿಗೆ ಹೇಳಿದ್ದು ಪರಿಗ್ರಹದ ಪರಿಮಾಣ, ಅಂದರೆ ಆಸ್ತಿಪಾಸ್ತಿಗೆ ಮಿತಿ; ಸಂಪೂರ್ಣ ತ್ಯಾಗವಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಸಲ್ಲೇಖನಕ್ಕೆ ಉಪಸರ್ಗ (ಬಂದೆರಗಿದ ವಿಪತ್ತು), ಬರಗಾಲ, ಮುಪ್ಪು, ರೋಗಗಳನ್ನು ಕಾರಣವಾಗಿ ಒಪ್ಪುತ್ತದೆ, ಆದರೆ ಅವಕ್ಕೆ ಪರಿಹಾರವೇ ಇರಬಾರದೆಂಬ ಷರತ್ತು ಹಾಕುತ್ತದೆ. ಬಿದ್ದ ಹಲ್ಲಿಗೆ ಒಂದು ಕಾಲಕ್ಕೆ ಪರಿಹಾರವಿರಲಿಲ್ಲ, ಈಗ ಇದೆ. ಅಗಿಯಲಾರದೆ ತಾಟು ಬದಿಗೆ ಸರಿಸಿದ ಅಜ್ಜನದು ಉಪವಾಸವಲ್ಲ, ಬರೀ ಹಸಿವು. ಭಕ್ಕರಿ ಮುರಿದು ಬಾಯಿಗಿಟ್ಟುಕೊಳ್ಳಬಲ್ಲವನು ಅಷ್ಟಮಿಯಂದು ಅದನ್ನು ಬಿಟ್ಟರೆ ಮಾತ್ರ ಅದು ವ್ರತ. ಹೀಗೆ ನೋಡಿದರೆ ಸ್ಕ್ರೂ ಹಲ್ಲು ತ್ಯಾಗಕ್ಕೆ ಅಡ್ಡಿಯಲ್ಲ. ಎಪ್ಪತ್ತು ದಾಟಿದವರು ಬಿಳುಪಿನ ಬಣ್ಣಕ್ಕಾಗಿ ಚೌಕಾಸಿ ಮಾಡುವುದು ಬೇರೆ ಮಾತು.

ಆದ್ದರಿಂದ ಡಾಕ್ಟರರನ್ನು ಎಷ್ಟು ವರ್ಷ ಎಂದು ಕೇಳಿದ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಸ್ಕ್ರೂ ಹಲ್ಲಿನ ಅಡಿಯಲ್ಲಿ ಸಿಕ್ಕ ಅಗುಳನ್ನು ತೆಗೆಯುವುದು ಹೇಗೆ? ಅದಕ್ಕೆಂದೇ ಸಣ್ಣ ಬ್ರಷ್ ಸಿಗುತ್ತದೆ, ರಾತ್ರಿ ಮಲಗುವ ಮುಂಚೆ ಎರಡು ನಿಮಿಷ ಸಾಕು. ಅದಂತಧಾವನ ಮುನಿಗಳ ವ್ರತ, ನಿಮ್ಮದಲ್ಲ.