ಮುಯ್ಯಿ

ಮದುವೆಯ ಹಂದರದ ಒಂದು ಮೂಲೆಯಲ್ಲಿ ಪುಸ್ತಕ ಹಿಡಿದು ಮುಯ್ಯಿ ಬರೆದುಕೊಳ್ಳುವವರನ್ನು ತಾವೆಲ್ಲ ಕಂಡಿರುವಿರಿ. ಕೆಲವೆಡೆ ಇದನ್ನು ಆಹೇರಿ ಎಂದೂ ಕರೆಯುವರು. ಯಾರು ಎಷ್ಟು ಕೊಟ್ಟರು, ಯಾವ ವಸ್ತ್ರ ತಂದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಮುಂದೆ ಅವರ ಮನೆಯಲ್ಲಿ ಶುಭಕಾರ್ಯ ಒದಗಿದಾಗ ಆ ಪುಟವನ್ನು ತೆರೆದು ನೋಡುತ್ತಾರೆ. ಪ್ರೀತಿಯ ಕಾಣಿಕೆಗೂ ಲೆಕ್ಕವೇ ಎಂದು ವಿದ್ಯಾವಂತರು ಮೂಗು ಮುರಿಯುವುದುಂಟು. ನಾನೂ ಮುರಿದವನೇ.

ಮುಯ್ಯಿ ಎಂಬ ಶಬ್ದಕ್ಕೆ ಉಡುಗೊರೆ ಎಂಬರ್ಥವೂ ಇದೆ, ಸೇಡು ಎಂಬರ್ಥವೂ ಇದೆ. ಪಡೆದುದನ್ನು ಮರಳಿಸುವುದೇ ಎರಡರ ತಿರುಳು. ಫ್ರಾನ್ಸಿನ ವಿದ್ವಾಂಸರಾದ ಮಾರ್ಸೆಲ್ ಮೋಸ್ ಅವರು 1925ರಲ್ಲಿ ಪ್ರಕಟವಾದ ತಮ್ಮ ಪ್ರಬಂಧದಲ್ಲಿ, ಕೊಡುವುದು, ಸ್ವೀಕರಿಸುವುದು, ಮರಳಿಸುವುದು ಎಂಬ ಮೂರು ಕರ್ತವ್ಯಗಳು ಕಾಣಿಕೆಯೊಡನೆ ಹೆಣೆದುಕೊಂಡಿರುವುದನ್ನು ತೋರಿಸಿದರು. ನಮ್ಮ ಅಜ್ಜಿಯರು ಯಾವ ಪ್ರಬಂಧವನ್ನೂ ಓದಿದವರಲ್ಲ. ಆದರೂ ನೆರೆಮನೆಯಿಂದ ತುಂಬಿ ಬಂದ ಪಾತ್ರೆಯನ್ನು ಬರಿದಾಗಿ ಕಳಿಸದೆ ಒಂದು ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕಳಿಸುತ್ತಿದ್ದರು. ನೂರು ರೂಪಾಯಿ ಕೊಡುವಲ್ಲಿ 101 ಕೊಡುವುದರ ಹಿಂದೆಯೂ ಇಂಥದೇ ಅರಿವು ಇದ್ದೀತು. ಲೆಕ್ಕ ಚುಕ್ತವಾದರೆ ಬಳಕೆಯೂ ಮುಗಿದಂತೆ.

1984ರಲ್ಲಿ ನನ್ನ ತಂಗಿಯ ಮದುವೆಗೆ ಹೊಲದ ನೆರೆಯ ಹಿರಿಯರೊಬ್ಬರು 11 ರೂಪಾಯಿ ಬರೆಸಿದ್ದರು. ಕೆಲವು ವರ್ಷಗಳ ಬಳಿಕ ಅವರ ಮಗಳ ಮದುವೆ ಬಂದಿತು. ಅಷ್ಟರಲ್ಲಿ ನನಗೆ ಪಟ್ಟಣದಲ್ಲಿ ನೌಕರಿ ದೊರೆತಿತ್ತು. ಪುಸ್ತಕ ತೆರೆಯುವುದು ಸಣ್ಣತನವೆಂದೆಣಿಸಿ, ಬಂಗಾರದ ಉಂಗುರವನ್ನೇ ಒಯ್ದು ಹತ್ತು ಜನರೆದುರು ವಧುವಿಗೆ ಕೊಟ್ಟೆ. ಬಂಧುಗಳು ಹೊಗಳಿದರು. ಹಿರಿಯರು ಮಾತ್ರ, "ಇಷ್ಟ್ಯಾಕ ತರಾಕ ಹೋದಿ, ತಮ್ಮಾ?" ಎಂದರು. ಅದನ್ನು ಸಂತೋಷದ ಮಾತೆಂದೇ ನಾನು ತಿಳಿದೆ.

ಮರುವರ್ಷ ನಮ್ಮ ಗೃಹಪ್ರವೇಶಕ್ಕೆ ಅವರು ಬರಲಿಲ್ಲ. ಮಗನ ಕೈಯಲ್ಲಿ ಬೆಳ್ಳಿಯ ಬಟ್ಟಲನ್ನು ಕಳಿಸಿದ್ದರು. ಅದಕ್ಕಾಗಿ ಎಮ್ಮೆಯ ಮಣಕವೊಂದನ್ನು ಮಾರಿದ್ದರಂತೆ. ಸಂತೆಯಲ್ಲಿ ಭೇಟಿಯಾದರೂ ಮಾತು ಮೊಟಕಾಯಿತು.

ದಾನ ಕೊಡುವವನ ಕೈ ಮೇಲಿರುತ್ತದೆ, ಪಡೆಯುವವನ ಕೈ ಕೆಳಗೆ. ದಾಸೋಹದಲ್ಲಿ ನೀಡುವವನೇ ಬಾಗಿ ನಿಲ್ಲುತ್ತಾನೆಂಬುದನ್ನು ಮಠದ ಪ್ರಸಾದದಲ್ಲಿ ಬೆಳೆದ ತಮಗೆ ವಿವರಿಸಬೇಕಾಗಿಲ್ಲ. ನಾನೂ ಅಲ್ಲಿಯೇ ಉಂಡವನು. ಉಂಗುರ ಕೊಡುವಾಗ ಅದು ನೆನಪಾಗಲಿಲ್ಲ, ಅಷ್ಟೆ. ಅವರ ಹನ್ನೊಂದು ರೂಪಾಯಿ ನನ್ನನ್ನು ಅವರ ನೆರೆಯವನನ್ನಾಗಿ ಉಳಿಸಿತ್ತು. ನನ್ನ ಉಂಗುರ ಅವರನ್ನು ಸಾಲಗಾರರನ್ನಾಗಿ ಮಾಡಿತು. ಪುಸ್ತಕ ನೋಡಿ 21 ರೂಪಾಯಿ ಕೊಟ್ಟಿದ್ದರೆ, ಮುಂದೆ ನಮ್ಮ ಮನೆಗೆ ಬರುವ ದಾರಿ ಅವರಿಗೆ ತೆರೆದೇ ಇರುತ್ತಿತ್ತು.

ಮುಂದಿನ ಮುಂಗಾರಿಗೆ ನಾನೇ ಅವರ ಮನೆಗೆ ಹೋದೆ. ಕ್ಷಮೆ ಕೇಳಿದ್ದರೆ ಅದೂ ಅವರಿಗೊಂದು ಭಾರವಾಗುತ್ತಿತ್ತು. "ಕಾಕಾ, ಹಿತ್ತಲದಾಗ ಹಾಕಾಕ ಅವರಿ ಬೀಜ ಬೇಕಾಗಿದ್ವು" ಎಂದೆ. ಅವರು ಒಳಹೋಗಿ ಮೊರ ತುಂಬ ಬೀಜ ತಂದರು. ಸೇರು ಪಕ್ಕದಲ್ಲಿಯೇ ಇದ್ದರೂ ಅಳೆಯದೆ, ಬೊಗಸೆಯಿಂದ ನನ್ನ ಚೀಲಕ್ಕೆ ಸುರಿಯತೊಡಗಿದರು.